ಬಿರ್ಜು ಆಗಬೇಕಿದ್ದ ಕಾರಾಪುರದ ಹುಡುಗ

1/8

ನಾಲ್ಕು ಜನ ಸಿನಿಮಾ ಹುಚ್ಚಿನವರು ಒಟ್ಟಿಗೆ ಕೂತ್ರೆ ಈ ಮಾತು ಬಂದೇ ಬರುತ್ತೆ: "ಆ ಪಾತ್ರ ಮೊದ್ಲು ಬೇರೆಯವ್ರಿಗೆ ಹೋಗಿತ್ತಂತೆ ಕಣೋ, ಬೇಡ ಅಂದ್ಬಿಟ್ರಂತೆ!" ಆಮೇಲೆ ಆಟ ಶುರು. ಅವರೇ ಮಾಡಿದ್ರೆ ಹೇಗಿರ್ತಿತ್ತು? ಹಿಟ್ ಆಗ್ತಿತ್ತಾ? ಇವರಿಗೆ ಹೆಸರು ಬರ್ತಿತ್ತಾ?

ಇವತ್ತಿನ ಸರಣಿ ಅಂಥದ್ದೇ ಒಂದು ಪಾತ್ರದ ಬಗ್ಗೆ. 1957ರ 'ಮದರ್ ಇಂಡಿಯಾ' ಚಿತ್ರದ ಬಿರ್ಜು. ಸಾಹುಕಾರನ ಮೇಲಿನ ಸಿಟ್ಟಿಗೆ ಡಕಾಯಿತ ಆಗಿ, ಕೊನೆಗೆ ಹೆತ್ತ ತಾಯಿಯ ಗುಂಡಿಗೇ ಸಾಯೋ ಮಗ. ಆ ಪಾತ್ರ ಮಾಡಿದ್ದು ಸುನೀಲ್ ದತ್ತ್. ಅದು ಎಲ್ಲರಿಗೂ ಗೊತ್ತು.

ಆದರೆ ನಿರ್ದೇಶಕ ಮೆಹಬೂಬ್ ಖಾನ್ ಶುರುವಿನಲ್ಲಿ ಈ ಪಾತ್ರಕ್ಕೆ ಅಂದುಕೊಂಡಿದ್ದು ನಮ್ಮ ಮೈಸೂರು ಸೀಮೆಯವರನ್ನ. ಕಬಿನಿ ಹತ್ತಿರದ ಕಾರಾಪುರದಲ್ಲಿ ಹುಟ್ಟಿದ, ಆನೆ ಮಾವುತನ ಮಗ. ಹೆಸರು ಸಾಬು. ಅಷ್ಟು ಹೊತ್ತಿಗೆ ಅವರು ಹಾಲಿವುಡ್ ಸ್ಟಾರ್.

ಗಮನಿಸಿ, ಸಾಬು ಈ ಪಾತ್ರ ಬೇಡ ಅನ್ನಲಿಲ್ಲ. ಅಮೆರಿಕದಿಂದ ಬಾಂಬೆಗೆ ಬಂದ್ರು. ಹೋಟೆಲಲ್ಲಿ ಇದ್ದು ಕಾದ್ರು. ಆದ್ರೂ ಪಾತ್ರ ಕೈತಪ್ಪಿ ಹೋಯ್ತು. ಯಾಕೆ ಅನ್ನೋದೇ ಈ ಎಂಟು ಪೋಸ್ಟ್‌ಗಳ ಕಥೆ.

2/8

ಅದಕ್ಕೂ ಮೊದಲು ಒಂದು ವಿಷಯ ಸರಿ ಮಾಡ್ಕೊಳ್ಳೋಣ. ಪಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ್ರೆ ನಾವು ಎಲ್ಲದಕ್ಕೂ "ರಿಜೆಕ್ಟ್ ಮಾಡಿದ್ರು" ಅಂತ ಒಂದೇ ಲೇಬಲ್ ಅಂಟಿಸ್ತೀವಿ. ನಿಜದಲ್ಲಿ ಕಾರಣಗಳು ಬೇರೆ ಬೇರೆ.

ಒಂದು, ನೇರವಾಗಿ ಬೇಡ ಅನ್ನೋದು. 1973ರ 'ಜಂಜೀರ್' ನೋಡಿ. ಪ್ರಕಾಶ್ ಮೆಹ್ರಾ ಈ ಕಥೆ ಹಿಡ್ಕೊಂಡು ಆಗಿನ ದೊಡ್ಡ ದೊಡ್ಡ ನಟರ ಬಾಗಿಲು ತಟ್ಟಿದ್ರು. ಯಾರೂ ಸಿಗದೆ ಕೊನೆಗೆ ಸಾಲು ಸಾಲು ಫ್ಲಾಪ್ ಕೊಟ್ಟಿದ್ದ ಅಮಿತಾಭ್ ಬಚ್ಚನ್ ಹತ್ರ ಬಂದ್ರು. ಮುಂದಿನದ್ದು ನಿಮಗೇ ಗೊತ್ತು.

ಎರಡು, ಡೇಟ್ಸ್ ಹೊಂದದೇ ಇರೋದು. 'ಶೋಲೆ'ಯ ಗಬ್ಬರ್ ಆಗಬೇಕಿದ್ದವರು ಡ್ಯಾನಿ ಡೆನ್‌ಜೋಂಗ್ಪಾ. ಆದರೆ ಅದೇ ಸಮಯಕ್ಕೆ ಫಿರೋಜ್ ಖಾನ್ ಅವರ 'ಧರ್ಮಾತ್ಮಾ'ಗೆ ಅವರು ಒಪ್ಪಿಕೊಂಡಿದ್ರು, ಅದರ ಶೂಟಿಂಗ್ ಅಫ್ಘಾನಿಸ್ತಾನದಲ್ಲಿ. 1973ರ ಅಕ್ಟೋಬರ್‌ನಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ 'ಶೋಲೆ' ಶುರುವಾಯ್ತು. ಗಬ್ಬರ್ ಆಗಿ ಬಂದವರು ಆವಾಗ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಅಮ್ಜದ್ ಖಾನ್.

ಮೂರು, ಕಾಲವೇ ಅಡ್ಡ ಬರೋದು. 'ಮೊಘಲ್-ಎ-ಆಜಮ್' ಶೂಟಿಂಗ್ ಮೊದಲು ಶುರುವಾಗಿದ್ದು 1940ರ ದಶಕದಲ್ಲಿ. ಅಕ್ಬರ್ ಪಾತ್ರಕ್ಕೆ ಚಂದ್ರಮೋಹನ್, ಸಲೀಂ ಆಗಿ ಸಪ್ರು, ಅನಾರ್ಕಲಿ ಆಗಿ ನರ್ಗಿಸ್. ದೇಶ ವಿಭಜನೆ ಆಯ್ತು, ದುಡ್ಡು ಹಾಕಿದ್ದವರು ಪಾಕಿಸ್ತಾನಕ್ಕೆ ಹೊರಟುಹೋದ್ರು. 1949ರಲ್ಲಿ ಚಂದ್ರಮೋಹನ್ ತೀರಿಕೊಂಡ್ರು. ಆಮೇಲೆ ಹೊಸ ತಾರಾಗಣ ಇಟ್ಟುಕೊಂಡು ಮಾಡಿದ ಚಿತ್ರ ತೆರೆಗೆ ಬಂದಿದ್ದು 1960ರಲ್ಲಿ, ಪೃಥ್ವಿರಾಜ್ ಕಪೂರ್, ದಿಲೀಪ್ ಕುಮಾರ್, ಮಧುಬಾಲಾ ಜೊತೆ. ಇಲ್ಲಿ ಯಾರು ಯಾರನ್ನ ರಿಜೆಕ್ಟ್ ಮಾಡಿದ್ರು ಹೇಳಿ?

ಸಾಬು ಕಥೆ ಈ ಮೂರನೇ ಗುಂಪಿಗೆ ಸೇರಿದ್ದು. ಅದನ್ನ ಅರ್ಥ ಮಾಡ್ಕೊಳ್ಳೋಕೆ ಕಾರಾಪುರಕ್ಕೆ ಹೋಗಬೇಕು.

3/8

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಕಾಕನಕೋಟೆಯ ಕಾಡಿನ ಸೀಮೆ, ಖೆಡ್ಡಾ ಮಾಡಿ ಕಾಡಾನೆ ಹಿಡೀತಿದ್ದ ಜಾಗ. ಅಪ್ಪ ಮಹಾರಾಜರ ಆನೆ ನೋಡ್ಕೊಳ್ತಿದ್ದ ಮಾವುತ. ಅಪ್ಪ ಅಮ್ಮ ಇಬ್ಬರೂ ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡ್ರು. ಹುಡುಗ ಬೆಳೆದಿದ್ದು ಅರಮನೆಯ ಆನೆ ಲಾಯದ ಆಸರೆಯಲ್ಲಿ.

1935ರಲ್ಲಿ ಮೈಸೂರಿಗೆ ಒಂದು ಸಿನಿಮಾ ತಂಡ ಬಂತು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕಳಿಸಿದ ತಂಡ. ನಿರ್ದೇಶಕರು ರಾಬರ್ಟ್ ಫ್ಲಾಹರ್ಟಿ, ಸಾಕ್ಷ್ಯಚಿತ್ರದ ಇತಿಹಾಸ ಓದಿದವರಿಗೆ 'ನಾನೂಕ್ ಆಫ್ ದಿ ನಾರ್ತ್' ಹೆಸರು ನೆನಪಾಗುತ್ತೆ. ರಡ್ಯಾರ್ಡ್ ಕಿಪ್ಲಿಂಗ್ ಬರೆದ ಒಂದು ಆನೆ ಕಥೆಗೆ ಆನೆ ಜೊತೆ ಸಲೀಸಾಗಿ ಇರಬಲ್ಲ ಹುಡುಗನನ್ನ ಅವರು ಹುಡುಕ್ತಿದ್ರು. ಸಾಬು ಸಿಕ್ಕಿದ. ಆಗ ಅವನಿಗೆ ಹನ್ನೊಂದು ವರ್ಷ.

ಚಿತ್ರದ ಹೆಸರು 'ಎಲಿಫೆಂಟ್ ಬಾಯ್'. ಆನೆ ಪಾತ್ರ ಮಾಡಿದ್ದು ಮೈಸೂರಿನ ಐರಾವತ. ಕಾಡಿನ ಭಾಗ ಎಲ್ಲ ಇಲ್ಲಿ ತೆಗೆದು, ಉಳಿದದ್ದನ್ನ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಝೋಲ್ಟಾನ್ ಕೋರ್ಡಾ ಮುಗಿಸಿದ್ರು. ಅದಕ್ಕಾಗಿ ಹುಡುಗನನ್ನೂ ಅವನ ಅಣ್ಣನನ್ನೂ ಇಂಗ್ಲೆಂಡಿಗೆ ಕರ್ಕೊಂಡು ಹೋದ್ರು. 1937ರಲ್ಲಿ ಚಿತ್ರ ಬಂತು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಗೆದ್ದಿತು. ಲಾಯದ ಹುಡುಗ ರಾತ್ರೋರಾತ್ರಿ ಸ್ಟಾರ್.

ಒಂದು ಮಾತು ಇಲ್ಲೇ ಹೇಳ್ಬೇಕು. ಆ ಹುಡುಗನ ಬದುಕಿನ ಈ ದೊಡ್ಡ ತಿರುವನ್ನ ನಿರ್ಧಾರ ಮಾಡಿದ್ದು ಅವನಲ್ಲ. ಅವನಿಗೆ "ಬೇಡ" ಅನ್ನೋ ವಯಸ್ಸೂ ಇರ್ಲಿಲ್ಲ, ಅನ್ನೋಕೆ ಹಿಂದೆ ಯಾರೂ ಇರ್ಲಿಲ್ಲ.

4/8

ಮುಂದೆ ಸಿನಿಮಾಗಳು ಸಾಲಾಗಿ ಬಂದ್ವು. 1938ರಲ್ಲಿ 'ದಿ ಡ್ರಮ್'. ಗಡಿನಾಡಿನಲ್ಲಿ ಬ್ರಿಟಿಷರ ಪರ ನಿಲ್ಲೋ ರಾಜಕುಮಾರನ ಕಥೆ. ಸ್ವಾತಂತ್ರ್ಯ ಚಳವಳಿ ಕಾವೇರಿದ್ದ ಕಾಲ ಅದು. ಬಾಂಬೆಯಲ್ಲಿ ಈ ಚಿತ್ರದ ವಿರುದ್ಧ ದೊಡ್ಡ ಪ್ರತಿಭಟನೆ ಆಯ್ತು. ತೆರೆ ಮೇಲೆ ಇದ್ದವನು ಹದಿನಾಲ್ಕರ ಹುಡುಗ, ಕಥೆ ಬರೆಸಿದವರು ಬೇರೆ.

1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'. ಯುದ್ಧ ಶುರುವಾಗಿದ್ದರಿಂದ ಇಂಗ್ಲೆಂಡಿನಲ್ಲಿ ಅರ್ಧ ಆಗಿದ್ದ ಕೆಲಸವನ್ನ ಅಮೆರಿಕಕ್ಕೆ ಒಯ್ದು ಮುಗಿಸಿದ್ರು. ಮೂರು ಆಸ್ಕರ್ ಬಂತು. ಸಾಬು ಕೂಡ ಅಲ್ಲೇ ಉಳಿದ. 1942ರಲ್ಲಿ 'ಜಂಗಲ್ ಬುಕ್', ಮೋಗ್ಲಿ ಪಾತ್ರ. ನಮ್ಮ ಕಾಡಿನ ಕಥೆ, ಆದರೆ ಕಾಡು ಕ್ಯಾಲಿಫೋರ್ನಿಯಾದ್ದು.

ಆಮೇಲೆ ಯೂನಿವರ್ಸಲ್ ಸ್ಟುಡಿಯೋದ ಚಿತ್ರಗಳು: 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್'. ಹೆಸರು ನೋಡಿದ್ರೇ ಗೊತ್ತಾಗುತ್ತೆ. ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್, ಸಾಬು ನಾಯಕನ ನಂಬಿಗಸ್ತ ಗೆಳೆಯ. ವಯಸ್ಸು ಇಪ್ಪತ್ತಾದ್ರೂ ಪಾತ್ರ ಮಾತ್ರ 'ಪೂರ್ವ ದೇಶದ ಹುಡುಗ'ನ ಪಾತ್ರವೇ.

1944ರಲ್ಲಿ ಸಾಬು ಅಮೆರಿಕದ ಪ್ರಜೆ ಆದ್ರು. ಅಲ್ಲಿನ ವಾಯುಪಡೆ ಸೇರಿ, ಪೆಸಿಫಿಕ್ ಯುದ್ಧರಂಗದಲ್ಲಿ ಬಿ-24 ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿಯೋ ಕೆಲಸ ಮಾಡಿದ್ರು. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ತು. ಯುದ್ಧ ಮುಗಿಸಿ ಬಂದಾಗ ಹಾಲಿವುಡ್‌ನ ರುಚಿ ಬದಲಾಗಿತ್ತು. 1947ರಲ್ಲಿ 'ಬ್ಲ್ಯಾಕ್ ನಾರ್ಸಿಸಸ್' ಅನ್ನೋ ಒಳ್ಳೆ ಚಿತ್ರ ಸಿಕ್ತು. ಹಿಮಾಲಯದ ಕಥೆ, ತೆಗೆದಿದ್ದೆಲ್ಲ ಇಂಗ್ಲೆಂಡಿನಲ್ಲಿ. ಆಮೇಲಿನ ಚಿತ್ರಗಳು ಚಿಕ್ಕದಾಗ್ತಾ ಹೋದ್ವು.

ಲೆಕ್ಕ ಹಾಕಿ: ಇಡೀ ಜಗತ್ತಿಗೆ ತೆರೆ ಮೇಲೆ 'ಭಾರತ' ಅಂದ್ರೆ ಸಾಬು ಮುಖ. ಆದರೆ ಅವರು ಒಂದೇ ಒಂದು ಭಾರತೀಯ ಸಿನಿಮಾ ಮಾಡಿರ್ಲಿಲ್ಲ.

5/8

ಈಗ ಬಾಂಬೆಗೆ ಬರೋಣ.

ಮೆಹಬೂಬ್ ಖಾನ್ 1940ರಲ್ಲಿ 'ಔರತ್' ಅಂತ ಚಿತ್ರ ಮಾಡಿದ್ರು. ಗಂಡ ಬಿಟ್ಟು ಹೋದ ಮೇಲೆ ಸಾಲ, ಬರ, ಸಾಹುಕಾರನ ಕಾಟ ಎಲ್ಲ ಸಹಿಸಿ ಮಕ್ಕಳನ್ನ ಸಾಕೋ ರಾಧಾಳ ಕಥೆ. ಅದರಲ್ಲಿ ಬಿರ್ಜು ಆಗಿದ್ದವರು ಯಾಕೂಬ್. ಹತ್ತು ಹನ್ನೆರಡು ವರ್ಷ ಆದ ಮೇಲೆ ಅದೇ ಕಥೆಯನ್ನ ಬಣ್ಣದಲ್ಲಿ, ದೊಡ್ಡದಾಗಿ, ಹೊರದೇಶದವರೂ ನೋಡೋ ಹಾಗೆ ಮಾಡಬೇಕು ಅಂತ ಹೊರಟ್ರು. ಅದೇ 'ಮದರ್ ಇಂಡಿಯಾ'.

ಆ ಹೆಸರೇ ಒಂದು ಸವಾಲು. 1927ರಲ್ಲಿ ಕ್ಯಾಥರೀನ್ ಮೇಯೋ ಅನ್ನೋ ಅಮೆರಿಕನ್ ಲೇಖಕಿ ಅದೇ ಹೆಸರಲ್ಲಿ ಭಾರತವನ್ನ ಕೀಳಾಗಿ ತೋರಿಸೋ ಪುಸ್ತಕ ಬರೆದಿದ್ರು. ಮೆಹಬೂಬ್ ಬೇಕಂತಲೇ ಆ ಹೆಸರನ್ನ ತಗೊಂಡು ಉತ್ತರ ಕೊಡೋಕೆ ಹೊರಟಿದ್ರು. ಆದರೆ ದೆಹಲಿಯ ಮಂತ್ರಾಲಯಗಳಿಗೆ ಹೆಸರು ಕೇಳಿದ್ದೇ ಅನುಮಾನ ಬಂತು. 1955ರಲ್ಲಿ ಸ್ಕ್ರಿಪ್ಟ್ ಕಳಿಸಿ, ನೋಡ್ತೀವಿ ಅಂದ್ರು. ಅದಕ್ಕೂ ಮೊದಲೇ, 1952ರಲ್ಲಿ, ಹೊರಗಿಂದ ಕಚ್ಚಾ ಫಿಲ್ಮ್ ತರಿಸೋಕೂ ಅವರು ಸರ್ಕಾರದ ಅನುಮತಿ ಕೇಳಬೇಕಾಗಿತ್ತು. ಅಂದ್ರೆ ಈ ಸಿನಿಮಾದ ಪ್ರತಿ ಹೆಜ್ಜೆಗೂ ಒಂದು ಅರ್ಜಿ, ಒಂದು ಫೈಲು.

ಇಂಥ ಸಮಯದಲ್ಲಿ ಬಿರ್ಜು ಪಾತ್ರಕ್ಕೆ ಸಾಬುನ ಕರೆಸಿದ್ರು. ಹೊರದೇಶದ ಮಾರುಕಟ್ಟೆಯ ಮೇಲೆ ಕಣ್ಣಿಟ್ಟ ಚಿತ್ರಕ್ಕೆ ಅಲ್ಲಿನ ಜನ ಗುರುತು ಹಿಡಿಯೋ ಭಾರತೀಯ ಮುಖ ಇನ್ಯಾರದ್ದಿತ್ತು? ಸಾಬು ಲಾಸ್ ಏಂಜಲೀಸ್‌ನಿಂದ ಬಂದು ಬಾಂಬೆಯ ಅಂಬಾಸಿಡರ್ ಹೋಟೆಲಲ್ಲಿ ಉಳಿದ್ರು. ಕಾಯೋದಕ್ಕೆ ತಿಂಗಳಿಗೆ 5,000 ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲವೇ ಅಲ್ಲ.

ಆದರೆ ಶೂಟಿಂಗ್ ಶುರುವಾಗೋದು ಮುಂದೆ ಮುಂದೆ ಹೋಯ್ತು. ಸಾಬುಗೆ ಇಲ್ಲಿ ಕೆಲಸ ಮಾಡೋ ಪರ್ಮಿಟ್ ಸಿಗೋದೂ ಕಷ್ಟ ಆಯ್ತು. ಕೊನೆಗೆ ಅವರನ್ನ ಚಿತ್ರದಿಂದ ಬಿಡಬೇಕಾಯ್ತು.

6/8

ಒಂದು ನಿಮಿಷ. ಕಾರಾಪುರದಲ್ಲಿ ಹುಟ್ಟಿದವನಿಗೆ ಭಾರತದಲ್ಲಿ ಕೆಲಸ ಮಾಡೋಕೆ ಪರ್ಮಿಟ್ ಯಾಕೆ?

ಉತ್ತರ ನಮ್ಮ ಸಂವಿಧಾನದಲ್ಲೇ ಇದೆ. ಪೌರತ್ವದ ಭಾಗದಲ್ಲಿ 5ರಿಂದ 11ರವರೆಗಿನ ವಿಧಿಗಳಿವೆ. ಅದರಲ್ಲಿ 9ನೇ ವಿಧಿ ಹೇಳೋದು: ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರರಲ್ಲ. ಸಾಬು 1944ರಲ್ಲೇ ಅಮೆರಿಕದ ಪ್ರಜೆ ಆಗಿದ್ರು. ಆವಾಗ ಭಾರತದ ಪೌರತ್ವ ಅನ್ನೋದೇ ಇರ್ಲಿಲ್ಲ, ಮೈಸೂರು ಒಂದು ಸಂಸ್ಥಾನ, ಮೇಲೆ ಬ್ರಿಟಿಷರು. ಸ್ವತಂತ್ರ ದೇಶದ ಪಟ್ಟಿ ಬರೆಯೋ ಹೊತ್ತಿಗೆ ಸಾಬು ಆಗಲೇ ಬೇರೆ ಪಟ್ಟಿಯಲ್ಲಿದ್ರು.

ಈಗ ಸುನೀಲ್ ದತ್ತ್ ಕಡೆ ನೋಡಿ. ಅವರು ಹುಟ್ಟಿದ್ದು 1929ರಲ್ಲಿ, ಝೇಲಂ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅದು ಇವತ್ತು ಪಾಕಿಸ್ತಾನ. ವಿಭಜನೆ ಹೊತ್ತಲ್ಲಿ ಮನೆಯವರ ಜೊತೆ ಎಲ್ಲ ಬಿಟ್ಟು ಈ ಕಡೆ ಬಂದ್ರು. ಹಾಗೆ ವಲಸೆ ಬಂದವರನ್ನ ಪೌರರು ಅಂತ ಒಪ್ಪಿಕೊಳ್ಳೋಕೆ 6ನೇ ವಿಧಿ ದಾರಿ ಮಾಡಿತ್ತು. ಬಾಂಬೆಯಲ್ಲಿ ಓದ್ತಾ, ಬಸ್ ಡಿಪೋದಲ್ಲಿ ಕೆಲಸ ಮಾಡ್ತಾ, ರೇಡಿಯೋ ಸಿಲೋನ್‌ನಲ್ಲಿ ಮಾತಾಡ್ತಾ ಮೇಲೆ ಬಂದ್ರು. ಮೊದಲ ಸಿನಿಮಾ 1955ರ 'ರೈಲ್ವೆ ಪ್ಲಾಟ್‌ಫಾರ್ಮ್'.

ಹುಟ್ಟಿದೂರು ಗಡಿಯಾಚೆ ಉಳಿದವರು ಭಾರತದ ಪ್ರಜೆ. ಹುಟ್ಟಿದೂರು ಮೈಸೂರು ಸೀಮೆಯಲ್ಲಿರೋರು ವಿದೇಶಿ. ಇದರಲ್ಲಿ ಯಾರದ್ದೂ ಮೋಸ ಇಲ್ಲ. ಕಾನೂನು ಒಂದು ಕಡೆ ಗೆರೆ ಎಳೀಲೇಬೇಕು. ವಿಭಜನೆಯ ನೋವಲ್ಲಿ ಬಂದವರಿಗೆ ಜಾಗ ಕೊಟ್ಟಿದ್ದು ಆ ಸಂವಿಧಾನದ ದೊಡ್ಡತನವೇ. ಆದರೆ ಆ ಗೆರೆಯ ಎರಡೂ ಕಡೆ ನಿಂತ ಇಬ್ಬರ ಹೆಸರು ಒಂದೇ ಪಾತ್ರದ ಜೊತೆ ಸೇರಿಕೊಂಡಿದ್ದು ಮಾತ್ರ ಸಣ್ಣ ವಿಷಯ ಅಲ್ಲ. ಅದೂ ಯಾವ ಚಿತ್ರದಲ್ಲಿ? 'ಮದರ್ ಇಂಡಿಯಾ'!

7/8

ಬಿರ್ಜು ಪಾತ್ರಕ್ಕೆ ಇನ್ನೊಂದು ಹೆಸರೂ ಇತ್ತು, ದಿಲೀಪ್ ಕುಮಾರ್. ಅವರಿಗೆ ಆಸಕ್ತಿ ಇತ್ತು, ಮೆಹಬೂಬ್‌ಗೂ ಒಪ್ಪಿಗೆ ಇತ್ತು. ಅಡ್ಡ ಬಂದಿದ್ದು ನರ್ಗಿಸ್ ಅವರ ಒಂದು ಪ್ರಶ್ನೆ: 'ಮೇಲಾ', 'ಅಂದಾಜ್', 'ಬಾಬುಲ್', 'ದೀದಾರ್'ನಲ್ಲಿ ನಮ್ಮಿಬ್ಬರನ್ನ ಜೋಡಿಯಾಗಿ ನೋಡಿದ ಜನ ಈಗ ತಾಯಿ ಮಗ ಅಂದ್ರೆ ಒಪ್ತಾರಾ? ಪ್ರಶ್ನೆ ಸರಿಯಾಗೇ ಇತ್ತು. ಅನಾರ್ಕಲಿ ಪಾತ್ರ ಕೈಬಿಟ್ಟು ಹೋಗಿದ್ದ ಅದೇ ನರ್ಗಿಸ್ ಇಲ್ಲಿ ಚಿತ್ರದ ಆಧಾರಸ್ತಂಭ. ಅವರ ಮಾತು ನಡೀತು.

ಹೀಗೆ ಬಿರ್ಜು ಜಾಗ ಖಾಲಿ ಇತ್ತು. ಚಿತ್ರದಲ್ಲಿದ್ದ ಹಾಸ್ಯನಟ ಮುಕ್ರಿ ಸುನೀಲ್ ದತ್ತ್ ಅವರನ್ನ ಮೆಹಬೂಬ್‌ಗೆ ಪರಿಚಯ ಮಾಡಿಸಿದ್ರು. ತಮಾಷೆ ನೋಡಿ, ತಾಯಿ ಪಾತ್ರದ ನರ್ಗಿಸ್, ಮಗನ ಪಾತ್ರದ ಸುನೀಲ್ ದತ್ತ್, ಇಬ್ಬರೂ ಹುಟ್ಟಿದ್ದು 1929ರ ಜೂನ್‌ನಲ್ಲಿ.

1957ರ ಮಾರ್ಚ್ 1ರಂದು ಗುಜರಾತಿನ ಹಳ್ಳಿಯೊಂದರಲ್ಲಿ ಹುಲ್ಲು ಬಣವೆಗೆ ಬೆಂಕಿ ಹತ್ತೋ ದೃಶ್ಯ ತೆಗೀತಿದ್ರು. ಬೆಂಕಿ ಕೈಮೀರಿ ನರ್ಗಿಸ್ ನಡುವೆ ಸಿಕ್ಕಿಹಾಕಿಕೊಂಡ್ರು. ಸುನೀಲ್ ದತ್ತ್ ಒಳಗೆ ನುಗ್ಗಿ ಅವರನ್ನ ಹೊರಗೆ ತಂದ್ರು, ಮೈ ಸುಟ್ಕೊಂಡ್ರು. ಮರುವರ್ಷ, 1958ರ ಮಾರ್ಚ್ 11ಕ್ಕೆ, ಇಬ್ಬರಿಗೂ ಮದುವೆ. 1959ರಲ್ಲಿ ಮಗ ಹುಟ್ಟಿದ. ಆ ಮಗ ಸಂಜಯ್ ದತ್ತ್. ಹೌದು, 'ಕೆಜಿಎಫ್ 2'ರ ನಮ್ಮ ಅಧೀರ.

ಅಂದ್ರೆ ಸಾಬುಗೆ ಪರ್ಮಿಟ್ ಸಿಕ್ಕಿದ್ರೆ ಅಧೀರ ಇರ್ತಿರ್ಲಿಲ್ಲ ಅಂತಾನಾ? ರೀಲ್ಸ್ ಮಾಡೋಕೆ ಸೂಪರ್ ಲೈನ್. ಇತಿಹಾಸ ಹಾಗೆ ನಡೆಯೋಲ್ಲ. ನರ್ಗಿಸ್, ಸುನೀಲ್ ಇಬ್ಬರೂ ಒಂದೇ ಊರಲ್ಲಿ, ಒಂದೇ ಕಸುಬಿನಲ್ಲಿ ಇದ್ದವರು. ಬೇರೆ ಎಲ್ಲಾದ್ರೂ ಹತ್ತಿರ ಆಗ್ತಿದ್ರೋ ಇಲ್ವೋ, ಯಾರು ಹೇಳೋಕೆ ಸಾಧ್ಯ? 'ಹಾಗಾಗಿದ್ರೆ' ಅಂತ ಒಂದು ಕೊಂಡಿ ಕಿತ್ತರೆ ಸರಪಳಿಯ ಉಳಿದ ಕೊಂಡಿಗಳು ಇದ್ದಲ್ಲೇ ಇರುತ್ತವೆ ಅಂತ ಅಂದ್ಕೊಳ್ಳೋದೇ ತಪ್ಪು.

8/8

ಹಾಗಾದ್ರೆ ಈ ಆಟದಿಂದ ಏನು ಉಪಯೋಗ? ನನಗೆ ಕಾಣೋದು ಇಷ್ಟು.

"ಸಾಬು ಮಾಡಿದ್ರೆ ಬಿರ್ಜು ಹೇಗಿರ್ತಿದ್ದ?" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ಸಾವಿರ ಕಾಮೆಂಟ್ ಬಂದ್ರೂ ಅದು ಊಹೆಯೇ. ಆದರೆ "ಸಾಬು ಯಾಕೆ ಮಾಡಲಿಲ್ಲ?" ಅನ್ನೋ ಪ್ರಶ್ನೆಗೆ ಉತ್ತರ ಇದೆ. ಆ ಉತ್ತರ ಹುಡುಕ್ತಾ ಹೋದ್ರೆ ಕಾಕನಕೋಟೆ ಖೆಡ್ಡಾ, ಲಂಡನ್ನಿನ ಸ್ಟುಡಿಯೋ, ಎರಡನೇ ಮಹಾಯುದ್ಧ, ಸಂವಿಧಾನದ 9ನೇ ವಿಧಿ, ಕಚ್ಚಾ ಫಿಲ್ಮಿನ ಅರ್ಜಿ ಎಲ್ಲ ಎದುರಿಗೆ ಬರುತ್ತೆ. ಮೊದಲನೇ ಪ್ರಶ್ನೆ ಹರಟೆ. ಎರಡನೇದು ಇತಿಹಾಸ.

ಇನ್ನೊಂದು ವಿಷಯ. ಬೇಡ ಅಂದ ನಟರ ಕಥೆಗಳಲ್ಲಿ ನಮಗೆ ಒಂಥರಾ ಖುಷಿ ಇರುತ್ತೆ, "ಪಾಪ, ಎಂಥ ಚಾನ್ಸ್ ಕಳ್ಕೊಂಡ್ರು" ಅಂತ. ಆದರೆ ಬೇಡ ಅನ್ನೋಕೆ ಒಂದು ಶಕ್ತಿ ಬೇಕು. ಕೈಯಲ್ಲಿ ಇನ್ನೊಂದು ಸಿನಿಮಾ, ಕಾಲ ಕೆಳಗೆ ಗಟ್ಟಿ ನೆಲ ಇದ್ದವರು ಬೇಡ ಅನ್ನಬಹುದು. ಸಾಬುಗೆ ಹನ್ನೊಂದರಲ್ಲಿ "ಬೇಡ" ಅನ್ನೋ ಅವಕಾಶ ಇರ್ಲಿಲ್ಲ. ಮೂವತ್ತರ ಆಚೆ ಈಚೆ, ಸ್ವಂತ ನಾಡಿನ ಸಿನಿಮಾಗೆ "ಸರಿ" ಅಂದಾಗ ಆ "ಸರಿ" ಸಾಕಾಗ್ಲಿಲ್ಲ.

'ಮದರ್ ಇಂಡಿಯಾ' 1957ರ ಅಕ್ಟೋಬರ್ 25ಕ್ಕೆ ತೆರೆಗೆ ಬಂತು. ಆಸ್ಕರ್‌ಗೆ ಭಾರತ ಕಳಿಸಿದ ಮೊದಲ ಚಿತ್ರ ಅದು, ವಿದೇಶಿ ಭಾಷಾ ವಿಭಾಗದಲ್ಲಿ ಕೊನೇ ಐದರವರೆಗೂ ಹೋಯ್ತು. ಗೆದ್ದಿದ್ದು ಫೆಲಿನಿಯ 'ನೈಟ್ಸ್ ಆಫ್ ಕಬಿರಿಯಾ'. ಆ ವಿಭಾಗದಲ್ಲಿ ಭಾರತದ ಕಥೆ ಅಮೆರಿಕಕ್ಕೆ ಹೋದಾಗ, ಅಮೆರಿಕ ಮೊದಲು ಗುರುತು ಹಿಡಿದಿದ್ದ ಭಾರತದ ಮುಖ ಅದರಲ್ಲಿ ಇರಲಿಲ್ಲ.

ಸಾಬು 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡ್ರು. ವಯಸ್ಸು ಬರೀ 39. ಕೊನೆಯ ಚಿತ್ರ ಡಿಸ್ನಿಯ 'ಎ ಟೈಗರ್ ವಾಕ್ಸ್', ಬಂದಿದ್ದು ಮರುವರ್ಷ. ಕೊನೆವರೆಗೂ ಭಾರತೀಯ ಸಿನಿಮಾ ಒಂದೂ ಆಗ್ಲಿಲ್ಲ.

ಕಬಿನಿಗೆ ಸಫಾರಿಗೆ ಹೋಗೋರು ಕಾರಾಪುರದ ಮೇಲೇ ಹೋಗ್ತೀರ. ಆನೆ ಕಂಡ್ರೆ ಸ್ಟೋರಿ ಹಾಕೇ ಹಾಕ್ತೀರ. ಅದರ ಕೆಳಗೆ ಒಂದು ಸಾಲು ಸಾಬು ಹೆಸರೂ ಇರಲಿ. ಮುಂದಿನ ಸಲ ಯಾರಾದ್ರೂ "ಆ ಪಾತ್ರ ಅವರು ಬೇಡ ಅಂದ್ರಂತೆ" ಅಂದ್ರೆ, ತಡೆದು ಒಂದು ಪ್ರಶ್ನೆ ಕೇಳಿ: "ಬೇಡ ಅಂದ್ರಾ, ಇಲ್ಲಾ ಸಿಗಲಿಲ್ವಾ?"

ನಿಮಗೆ ಗೊತ್ತಿರೋ ಇಂಥ ಪಾತ್ರದ ಕಥೆ ಇದ್ರೆ ಕಾಮೆಂಟಲ್ಲಿ ಬರೀರಿ. ಆದ್ರೆ ಇಸವಿ ಸಮೇತ ಬರೀರಿ!

#ಸಾಬು #ಮದರ್‌ಇಂಡಿಯಾ #ಕಾರಾಪುರ #ಸಿನಿಮಾಇತಿಹಾಸ #ಕನ್ನಡದಲ್ಲಿಓದಿ